ಉಳಿತಾಯ ಹೋಲಿಸುವ ಮುನ್ನ ಪಿಎಫ್ ಪಾಸ್‌ಬುಕ್ ತೆರೆಯಿರಿ

ಮಾನ್ಯ ಸಂಪಾದಕರೇ,

‘27ನೇ ವಯಸ್ಸಿಗೆ ಎಷ್ಟು ಕೂಡಿಟ್ಟಿದ್ದೀಯಾ?’ ಬೆಂಗಳೂರಿನ ಹಣಕಾಸು ಕಚೇರಿಗಳ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಈಗ ಮಾಮೂಲು. ದಿನವಿಡೀ ಕಂಡವರ ಲೆಕ್ಕ ತಾಳೆ ನೋಡುವ ಸಿಎಗಳು, ಅನಲಿಸ್ಟ್‌ಗಳು ತಮ್ಮ ಉಳಿತಾಯದ ಮಾತು ಬಂದಾಗ ಮಾತ್ರ ಎರಡೇ ಅಂಕಿ ಹಿಡಿಯುತ್ತಾರೆ: ಖಾತೆಗೆ ಬಿದ್ದ ಸಂಬಳ, ಖಾತೆಯಿಂದ ಹೋದ ಎಸ್‌ಐಪಿ (ಮ್ಯೂಚುವಲ್ ಫಂಡ್‌ನ ತಿಂಗಳ ಕಂತು). ಪಿಎಫ್ (ಭವಿಷ್ಯ ನಿಧಿ) ಸೇರಿಸಿದರೆ ಯಾರು ಮುಂದೆ, ಯಾರು ಹಿಂದೆ ಎಂಬುದೇ ತಿರುಗುಮುರುಗಾಗುತ್ತದೆ.

12 ಲಕ್ಷ ಸಿಟಿಸಿಯ (ಕಂಪನಿ ಒಬ್ಬರ ಮೇಲೆ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಇಬ್ಬರನ್ನು ತೆಗೆದುಕೊಳ್ಳೋಣ. ಇಬ್ಬರದೂ ಮೂಲ ವೇತನ ತಿಂಗಳಿಗೆ 50,000 ರೂಪಾಯಿ. ವರ್ಷದ ಕೊನೆಗೆ ಬರಬಹುದಾದ ವೇರಿಯಬಲ್ 1,20,000, ಮೂಲ ವೇತನದ ಶೇ 4.81ರ ಲೆಕ್ಕದಲ್ಲಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) 28,860. ಇವೆರಡೂ ಸಿಟಿಸಿಯಲ್ಲಿ ಕಾಣುತ್ತವೆ, ತಿಂಗಳ ಸಂಬಳದಲ್ಲಿ ಇರುವುದಿಲ್ಲ. ಮೊದಲನೆಯವನ ಕಂಪನಿ ಪೂರ್ತಿ ಮೂಲ ವೇತನದ ಮೇಲೆ ಪಿಎಫ್ ಕಟ್ಟುತ್ತದೆ: ಅವನ ಪಾಲು 6,000, ಕಂಪನಿಯದು 6,000. ಕಂಪನಿಯ ಪಾಲೂ ಸಿಟಿಸಿಯೊಳಗೇ ಇದೆ. ವೃತ್ತಿ ತೆರಿಗೆ 200 ಹೋಗಿ ಕೈಗೆ 75,395. ಹೊಸ ತೆರಿಗೆ ಪದ್ಧತಿಯಲ್ಲಿ 2025–26ಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ, ಏಕೆಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದ ಮೇಲೆ ಉಳಿಯುವುದು 12 ಲಕ್ಷದೊಳಗೆ. ಎರಡನೆಯವಳ ಕಂಪನಿ 2014ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯ ಮೇಲಷ್ಟೇ ಕಟ್ಟುತ್ತದೆ: 1,800 ಮತ್ತು 1,800. ಕಂಪನಿಯ ಪಾಲಿನಲ್ಲಿ ಮಿಕ್ಕ 4,200 ವಿಶೇಷ ಭತ್ಯೆಯಾಗಿ ಅವಳ ಕೈ ಸೇರುತ್ತದೆ, ಅವಳ ಪಾಲಿನ 4,200 ಕಡಿತವಾಗುವುದೇ ಇಲ್ಲ. ಕೈಗೆ 83,795.

ಅವನ ಎಸ್‌ಐಪಿ 15,000, ಸಂಬಳದ ಶೇ 20. ಅವಳದು 20,000, ಶೇ 24. ಕ್ಯಾಂಟೀನಿನ ತೀರ್ಪು ಇಲ್ಲಿಗೇ ಮುಗಿಯುತ್ತದೆ. ಪಿಎಫ್ ಸೇರಿಸಿ ನೋಡಿ: ಅವನ ಉಳಿತಾಯ 27,000, ಅವಳದು 23,600. ಕೈಗೆ ಬಂದದ್ದು, ಪಿಎಫ್‌ಗೆ ಹೋದದ್ದು ಎರಡನ್ನೂ ಕೂಡಿದರೆ ಇಬ್ಬರದೂ ಒಂದೇ, 87,395. ಆ ಲೆಕ್ಕಕ್ಕೆ ಅವನು ಶೇ 31, ಅವಳು ಶೇ 27. ಇಲ್ಲೂ ಒಂದು ಎಡವಟ್ಟು ಆಗುತ್ತದೆ. ಪಿಎಫ್ ಅನ್ನು ಉಳಿತಾಯಕ್ಕೆ ಸೇರಿಸಿ, ಆದಾಯಕ್ಕೆ ಸೇರಿಸಲು ಮರೆತರೆ ಅವನು ಶೇ 36 ಎಂದು ಬೀಗಬಹುದು.

ಪಾಸ್‌ಬುಕ್‌ನಲ್ಲಿ ಪಿಂಚಣಿಯ ಅಂಕಣವನ್ನೂ ನೋಡಬೇಕು. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಕೆಲಸಕ್ಕೆ ಸೇರುವಾಗಲೇ ಮೂಲ ವೇತನ 15,000 ದಾಟಿದ್ದವರಿಗೆ ಅಲ್ಲಿ ಸೊನ್ನೆ ಇರಬೇಕು. ಮೇಲಿನ ಇಬ್ಬರೂ ಅಂಥವರೇ. ಮೊದಲ ನೌಕರಿಯಲ್ಲಿ ಅದಕ್ಕಿಂತ ಕಡಿಮೆ ಇದ್ದವರಾದರೆ ಕಂಪನಿಯ ಪಾಲಿನಿಂದ ತಿಂಗಳಿಗೆ 1,250ರವರೆಗೆ ಪಿಂಚಣಿ ಯೋಜನೆಗೆ ಹೋಗುತ್ತದೆ. ಅದಕ್ಕೆ ಬಡ್ಡಿ ಸೇರುವುದಿಲ್ಲ, ಕೂಡಿಟ್ಟ ಮೊತ್ತದಲ್ಲಿ ಎಣಿಸುವುದು ಬೇಡ.

ಸರ್ಕಾರಿ ಬ್ಯಾಂಕಿನ ಯುವ ಅಧಿಕಾರಿಯನ್ನು ಈ ಸಾಲಿಗೆ ತಂದು ನಿಲ್ಲಿಸುವುದು ಇನ್ನೂ ಕಷ್ಟ. 2010ರ ಏಪ್ರಿಲ್ 1ರ ನಂತರ ಸೇರಿದವರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ): ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ನೌಕರನ ಪಾಲು ಶೇ 10, ಬ್ಯಾಂಕಿನದು ಶೇ 14. ಮನೆಯನ್ನು ಬ್ಯಾಂಕೇ ಲೀಸ್‌ಗೆ ಹಿಡಿದು ಕೊಟ್ಟಿದ್ದರೆ ಬಾಡಿಗೆಯ ಬಹುಪಾಲು ಅವರ ಜೇಬಿನಿಂದ ಹೋಗುವುದಿಲ್ಲ. ಕೋರಮಂಗಲದಲ್ಲಿ 25,000 ಬಾಡಿಗೆ ಕಟ್ಟುವ ಅನಲಿಸ್ಟ್ ಜೊತೆ ಹೋಲಿಸುವಾಗ ಬ್ಯಾಂಕ್ ಭರಿಸುವ ಬಾಡಿಗೆಯನ್ನೂ ಅಧಿಕಾರಿಯ ಆದಾಯಕ್ಕೆ ಸೇರಿಸಿಕೊಳ್ಳಬೇಕು. ಇನ್ನು ಸಿಎ ಮಾಡಿದವರು ಸ್ಟೈಪೆಂಡ್‌ನಲ್ಲಿ ವರ್ಷಗಳನ್ನು ಕಳೆದು ಸಂಬಳ ಕಾಣುತ್ತಾರೆ. ಅವರಿಗೆ ವಯಸ್ಸಿನ ಬದಲು ದುಡಿದ ವರ್ಷಗಳನ್ನು ಹಿಡಿಯುವುದು ನ್ಯಾಯ.

ಒಟ್ಟು ಕೂಡಿಟ್ಟದ್ದನ್ನು ಹೋಲಿಸುವುದಾದರೆ ಒಂದೇ ದಿನದ ಬೆಲೆ ಹಿಡಿಯಿರಿ, ಮಾರ್ಚ್ 31 ಅನುಕೂಲ. ಐದು ವರ್ಷ ತುಂಬದ ಕಾಯಂ ನೌಕರನ ಗ್ರಾಚ್ಯುಟಿಗೆ ಸೊನ್ನೆ. ಇನ್ನೂ ಕೈಗೆ ಬರದ ಕಂಪನಿ ಷೇರುಗಳಿಗೂ ಸೊನ್ನೆ. ವಿಮಾ ಪಾಲಿಸಿಗೆ ಕಟ್ಟಿದ ಪ್ರೀಮಿಯಂ ಲೆಕ್ಕಕ್ಕಿಲ್ಲ, ಆ ದಿನ ಪಾಲಿಸಿ ಮುರಿದರೆ ಸಿಗುವ ಸರೆಂಡರ್ ಮೌಲ್ಯ ಬರೆಯಿರಿ. ಮೊದಲ ವರ್ಷಗಳಲ್ಲಿ ಅದು ಕಟ್ಟಿದ್ದಕ್ಕಿಂತ ಎಷ್ಟು ಕಡಿಮೆ ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ಮನೆಯ ಅಡ್ವಾನ್ಸ್ ಆಸ್ತಿಯೇ, ಆದರೆ ಪೇಂಟಿಂಗ್‌ಗೆಂದು ಮಾಲೀಕರು ಹಿಡಿದುಕೊಳ್ಳುವ ಒಂದು ತಿಂಗಳ ಬಾಡಿಗೆಯನ್ನು ಈಗಲೇ ಕಳೆದುಬಿಡಿ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಮಣ್ಣೆರಚುವುದು ಚೀಟಿ. 20 ಜನ, 20 ತಿಂಗಳು, 25,000 ಕಂತಿನ 5 ಲಕ್ಷದ ಚೀಟಿಯನ್ನು ನಾಲ್ಕನೇ ತಿಂಗಳಲ್ಲಿ ಕೂಗಿ ಎತ್ತಿ, ಕೈಗೆ ಬಂದ 3,75,000ವನ್ನು ಎಫ್‌ಡಿ ಮಾಡಿದ್ದಾರೆ ಎನ್ನೋಣ. ಎಫ್‌ಡಿ ರಸೀದಿ ಉಳಿತಾಯದ ಹಾಗೆ ಕಾಣುತ್ತದೆ. ಆದರೆ 16 ಕಂತು ಬಾಕಿ ಇದೆ. ಡಿವಿಡೆಂಡ್ (ಕೂಗಿನಲ್ಲಿ ಬಿಟ್ಟುಕೊಟ್ಟ ಹಣದಲ್ಲಿ ಸಿಗುವ ಪಾಲು) ಕಳೆದು ಕಂತು ಸರಾಸರಿ 22,000 ಎಂದರೂ 3,52,000 ಸಾಲ. ನಿಜವಾಗಿ ಉಳಿದದ್ದು 23,000. ಚೀಟಿ ಎತ್ತದವರಿಗೆ ಈ ಲೆಕ್ಕ ಉಲ್ಟಾ: ಅವರು ಕಟ್ಟಿದ ಕಂತುಗಳೆಲ್ಲ ಆಸ್ತಿ.

ಲಾಭದ ಶೇಕಡಾವಾರಿನಲ್ಲೂ ಹೀಗೆಯೇ. ತಿಂಗಳ ಮೊದಲ ದಿನ 10,000ದಂತೆ 12 ತಿಂಗಳು ಕಟ್ಟಿದ 1,20,000 ವರ್ಷದ ಕೊನೆಗೆ 1,27,000 ಆಗಿದ್ದರೆ ಅದು ಶೇ 5.8 ಅಲ್ಲ. ಕೊನೆಯ ಕಂತು ಒಂದೇ ತಿಂಗಳು ದುಡಿದಿದೆ. ಪ್ರತಿ ಕಂತಿನ ದಿನಾಂಕ ಹಿಡಿದು ವಾರ್ಷಿಕ ಲಾಭ ಹೇಳುವ ಎಕ್ಸೆಲ್‌ನ ಎಕ್ಸ್‌ಐಆರ್‌ಆರ್ ಸೂತ್ರದಲ್ಲಿ ಅದು ಸುಮಾರು ಶೇ 11. ಕಟ್ಟಿದ ಹಣಕ್ಕೆ ಮೈನಸ್ ಚಿಹ್ನೆ, ಕೊನೆಯ ಮೌಲ್ಯಕ್ಕೆ ಪ್ಲಸ್ ಇರಲಿ. ಎಲ್ಲಕ್ಕೂ ಒಂದೇ ಚಿಹ್ನೆ ಕೊಟ್ಟರೆ ಸೂತ್ರ ಉತ್ತರ ಕೊಡುವುದಿಲ್ಲ.

ಹಣಕಾಸು ಪುಟಗಳಲ್ಲಿ ‘ಇಷ್ಟು ವಯಸ್ಸಿಗೆ ಇಷ್ಟು ಉಳಿತಾಯ’ ಎಂಬ ಕೋಷ್ಟಕ ಹಾಕುವಾಗ ಅದರ ಕೆಳಗೆ ಒಂದು ಸಾಲು ಮುದ್ರಿಸಬೇಕೆಂದು ಕೋರಿಕೆ: ಪಿಎಫ್ ಸೇರಿದೆಯೇ, ಸಾಲ ಕಳೆದಿದೆಯೇ, ಬಾಡಿಗೆ ಯಾರು ಕಟ್ಟುತ್ತಾರೆ.

– ಓರ್ವ ಲೆಕ್ಕಪರಿಶೋಧಕ, ಬೆಂಗಳೂರು