ಸೂಜಿ ಯಾಕೆ ಅಂತ ಕೇಳಿದ್ದೆಯಲ್ಲ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಗದ ತಲುಪಿತು. ಎಕ್ಸ್‌ರೇಯಲ್ಲಿ ಎದೆಯ ಬಲಗಡೆ ನೀರು ಕಾಣಿಸಿದೆ, ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸೋಣ ಅಂತ ಡಾಕ್ಟರು ಹೇಳಿದ್ದಾರೆ, ಈಗ ನೋವು ಇಳಿದಿದೆ, ತಾನಾಗಿಯೇ ಹೋಗುವ ಹಾಗಿದ್ದರೆ ಸೂಜಿ ಯಾಕೆ ಅಂತ ಕೇಳಿದ್ದೀಯ.

ತಾನಾಗಿ ಹೋಗುವುದೂ ಉಂಟು. ನಿನ್ನನ್ನು ಹೆದರಿಸಲು ನಾನು ಸುಳ್ಳು ಹೇಳುವುದಿಲ್ಲ. ವೈರಸ್ ಸೋಂಕಿನಿಂದಲೋ ಆಪರೇಷನ್ ಆದ ಮೇಲೋ ಸೇರಿದ ಸ್ವಲ್ಪ ನೀರು ಎಷ್ಟೋ ಜನರಲ್ಲಿ ಕೆಲವು ವಾರಗಳಲ್ಲಿ ಇಂಗಿಹೋಗುತ್ತದೆ. ಆದರೆ ನೀನು ಬರೆದದ್ದರಲ್ಲಿ ನನ್ನನ್ನು ಕಾಡಿದ್ದು "ನೋವು ಇಳಿದಿದೆ" ಅನ್ನುವ ಮಾತೇ.

ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಮೈಗೊಂದು ತೆಳ್ಳನೆಯ ಪೊರೆ ಇರುತ್ತದೆ. ಅವೆರಡರ ನಡುವೆ ಆರೋಗ್ಯವಂತರಲ್ಲೂ ಎರಡು ಮೂರು ಚಮಚದಷ್ಟು ದ್ರವ ಇದ್ದೇ ಇರುತ್ತದೆ, ಜಾರಿಕೆಗೆ. ಪೊರೆಗೆ ಉರಿಯೂತವಾದರೆ ಉಸಿರೆಳೆದಾಗಲೆಲ್ಲ ಒಂದಕ್ಕೊಂದು ಉಜ್ಜಿ ಚುಚ್ಚಿದ ಹಾಗಾಗುತ್ತದೆ. ನೀರು ಇನ್ನೂ ಹೆಚ್ಚಾಗಿ ನಡುವೆ ಬಂದು ಕೂತರೆ ಪೊರೆಗಳು ದೂರವಾಗುತ್ತವೆ, ಉಜ್ಜುವುದು ನಿಲ್ಲುತ್ತದೆ, ನೋವೂ ನಿಲ್ಲುತ್ತದೆ. ಹಾಗಾಗಿ ನೋವು ಹೋಯಿತೆಂದರೆ ಕಾಯಿಲೆ ಇಳಿದಿರಬಹುದು, ನೀರು ಏರಿರಲೂಬಹುದು. ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಬೇಗ ಏದುಸಿರು ಬರುತ್ತಿದೆಯೇ ನೋಡಿಕೋ. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ನೀರು ಕಾಣಬೇಕಾದರೆ ಸಾಮಾನ್ಯವಾಗಿ ಸುಮಾರು 200 ಮಿ.ಲೀ. ಆದರೂ ಸೇರಿರಬೇಕು. ಅಂದರೆ ನಿನ್ನದು ಚಮಚದ ಲೆಕ್ಕ ದಾಟಿ ಬಹಳ ಮುಂದೆ ಹೋಗಿದೆ.

ಇನ್ನೊಂದು ವಿಷಯ. ಟಿಬಿಯಿಂದ ಸೇರಿದ ನೀರು ಔಷಧಿ ಇಲ್ಲದೆಯೂ ಎರಡು ನಾಲ್ಕು ತಿಂಗಳಲ್ಲಿ ಇಂಗಿಬಿಡಬಹುದು. ಜ್ವರ ಹೋಗುತ್ತದೆ, ಎಕ್ಸ್‌ರೇ ಚೊಕ್ಕಟವಾಗುತ್ತದೆ, ವಾಸಿಯಾಯಿತು ಅಂತ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. 1955ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ನೀರು ತುಂಬಿದ್ದ 141 ಸೈನಿಕರನ್ನು ಮುಂದಿನ ವರ್ಷಗಳಲ್ಲೂ ಗಮನಿಸಿದ್ದರು. ಅವರಲ್ಲಿ ಸುಮಾರು 65 ಶೇಕಡಾ ಜನರಿಗೆ ಆಮೇಲೆ ಟಿಬಿ ಕಾಣಿಸಿಕೊಂಡಿತು. ನೀರು ಹೋಗಿತ್ತು, ರೋಗಾಣು ಹೋಗಿರಲಿಲ್ಲ. ಆರು ತಿಂಗಳು ಮಾತ್ರೆ ನುಂಗಿದರೆ ಸಾಮಾನ್ಯವಾಗಿ ವಾಸಿಯಾಗುವ ಕಾಯಿಲೆಯನ್ನು ಮೈಯೊಳಗೆ ಇಟ್ಟುಕೊಂಡು ತಿರುಗುವುದು ಯಾವ ಜಾಣತನ? ನಿನಗೆ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಸೂಜಿ.

ಎಲ್ಲರಿಗೂ ಸೂಜಿ ಬೇಕಿಲ್ಲ. ಹೃದಯ ಸೋತು ಎರಡೂ ಕಡೆ ನೀರು ತುಂಬಿದವರಿಗೆ ಮೊದಲು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟು ನೋಡುತ್ತಾರೆ. ಲಿವರ್, ಕಿಡ್ನಿ ಕೆಟ್ಟವರದೂ ಬೇರೆ ದಾರಿ. ನಿನ್ನ ಹಾಗೆ ಒಂದೇ ಕಡೆ ಸೇರಿದ್ದರೆ, ಅದರಲ್ಲೂ ಜ್ವರವೋ ನೋವೋ ಇದ್ದರೆ, ನೀರನ್ನೇ ಕೇಳಬೇಕು. ಅದರಲ್ಲಿರುವ ಪ್ರೋಟೀನ್, ಎಲ್‌ಡಿಎಚ್ ಅನ್ನುವ ಕಿಣ್ವ ಎಷ್ಟು ಅಂತ ರಕ್ತದ ಜೊತೆ ಹೋಲಿಸಿದರೆ ನೀರು ಸುಮ್ಮನೆ ಜಿನುಗಿದ್ದೋ, ಪೊರೆಯ ಉರಿಯೂತದಿಂದ ಬಂದದ್ದೋ ಬಹುಮಟ್ಟಿಗೆ ತಿಳಿಯುತ್ತದೆ. 1972ರಿಂದ ಲೈಟ್ ಎಂಬ ವೈದ್ಯರ ಈ ಅಳತೆಯೇ ನಡೆಯುತ್ತಿದೆ. ಕ್ಯಾನ್ಸರ್ ಜೀವಕೋಶ ಇದೆಯೇ ಅಂತಲೂ ನೋಡುತ್ತಾರೆ. ಆ ಹೆಸರು ಕೇಳಿ ಗಾಬರಿಯಾಗಬೇಡ, ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೂ ನೋಡುತ್ತಾರೆ. ನ್ಯುಮೋನಿಯಾದ ನೀರು ಕೀವಾಗಿದ್ದರೆ ಒಂದು ದಿನವೂ ಕಾಯುವಂತಿಲ್ಲ. ಬರೀ ಮಾತ್ರೆಗೆ ಅದು ಬಗ್ಗುವುದಿಲ್ಲ, ಟ್ಯೂಬ್ ಹಾಕಲೇಬೇಕು. ತಡವಾದರೆ ಗಟ್ಟಿ ಪೊರೆ ಕಟ್ಟಿಕೊಂಡು ಶ್ವಾಸಕೋಶ ಮತ್ತೆ ಹಿಗ್ಗದ ಹಾಗೆ ಮಾಡುತ್ತದೆ.

ಸೂಜಿಯ ಭಯಕ್ಕೆ ಬರುತ್ತೇನೆ. ವಾರ್ಡಿನಲ್ಲಿ ನರ್ಸಾಗಿದ್ದಾಗ ಎಷ್ಟು ಜನರ ಭುಜ ಹಿಡಿದು ನಿಂತಿದ್ದೇನೋ. ಮಂಚದ ಅಂಚಿಗೆ ಕೂರಿಸಿ, ಎದುರು ಮೇಜಿನ ಮೇಲೆ ದಿಂಬು ಇಟ್ಟು, ಅದಕ್ಕೆ ಕೈ ಊರಿ ಬಾಗು ಅನ್ನುತ್ತಾರೆ. ಬೆನ್ನಿಗೆ ಸ್ಕ್ಯಾನ್ ಹಿಡಿದು ಜಾಗ ಗುರುತು ಹಾಕುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಚುರ್ ಅನ್ನುತ್ತದೆ, ಆಮೇಲೆ ಒತ್ತಿದ ಹಾಗಷ್ಟೇ. ಆಗ ಕೆಮ್ಮಬೇಡ, ಅಲುಗಾಡಬೇಡ. ಕೆಮ್ಮು ತಡೆಯಲಾಗದಿದ್ದರೆ ಮೊದಲೇ ಹೇಳು, ನಿಲ್ಲಿಸುತ್ತಾರೆ. ತುಂಬ ನೀರಿದ್ದರೂ ಒಂದೇ ಸಲಕ್ಕೆ ಸಾಮಾನ್ಯವಾಗಿ ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯುವುದಿಲ್ಲ. ಅದುಮಿದ್ದ ಶ್ವಾಸಕೋಶ ಹಠಾತ್ತನೆ ಹಿಗ್ಗಿದರೆ ಅದಕ್ಕೇ ತೊಂದರೆ. ಅಪರೂಪಕ್ಕೆ ಎದೆಯೊಳಗೆ ಗಾಳಿ ಸೇರುವುದುಂಟು, ಅದಕ್ಕೇ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತಾರೆ. ಎದ್ದು ಓಡಿಬರಬೇಡ.

ರಕ್ತ ತೆಳುವಾಗುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸು. ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿ. ಮಧ್ಯೆ ಏದುಸಿರು ಜಾಸ್ತಿಯಾದರೆ, ತುಟಿ ನೀಲಿಗಟ್ಟಿದರೆ, ತಾರೀಖು ನೋಡುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗು. ಪರೀಕ್ಷೆಯ ಕಾಗದ ಕೈಗೆ ಬಂದ ದಿನ ನನಗೆ ಫೋನ್ ಮಾಡು, ಒಂದೊಂದೇ ಸಾಲು ಓದಿ ಹೇಳು.

ಇಂತಿ,
ನಿನ್ನ ದೊಡ್ಡಮ್ಮ