ಕೊಸಿಯಸ್ಕೊ ಹತ್ತೋಕೆ ಮುಂಚೆ ಇದನ್ನ ಓದ್ಕೊ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಲಾಂಗ್ ವೀಕೆಂಡಲ್ಲಿ ಮೌಂಟ್ ಕೊಸಿಯಸ್ಕೊಗೆ ಹೋಗ್ತಿದೀಯಂತೆ, ನಿಮ್ಮಮ್ಮ ಹೇಳಿದ್ಲು. ಹೋಗು, ಆದ್ರೆ ಫೋಟೋ ಹೊಡ್ಕೊಂಡು ಇಳಿದು ಬರೋಕೆ ಅಂತ ಮಾತ್ರ ಹೋಗ್ಬೇಡ. 2228 ಮೀಟರ್, ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ, ಆದ್ರೂ ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 300 ಮೀಟರ್ ಜಾಸ್ತಿ ಅಷ್ಟೇ, ಬುಡದಲ್ಲಿರೋ ಥ್ರೆಡ್ಬೋ ಊರಿಂದ ಚೇರ್‌ಲಿಫ್ಟಲ್ಲಿ ಮೇಲೆ ಹೋದ್ರೆ ಆಮೇಲೆ ಹೋಗಿ ಬರೋಕೆ 13 ಕಿಲೋಮೀಟರ್ ನಡಿಗೆ. ನಿನ್ನ ವಯಸ್ಸಿಗೆ ಅದೇನು ಮಹಾ.

ಆ ಹೆಸರು ಇದ್ಯಲ್ಲ, ಅದು ಪೋಲೆಂಡಿನ ತದೇವುಶ್ ಕೊಸಿಯಸ್ಕೊದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಕೋಟೆ ಕಟ್ಟಿಸಿದ ಎಂಜಿನಿಯರು, 1794ರಲ್ಲಿ ತನ್ನ ದೇಶದಲ್ಲಿ ದಂಗೆ ಎಬ್ಬಿಸಿ ಸೋತ. ಮರುವರ್ಷವೇ ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಮೂರೂ ಸೇರಿ ಪೋಲೆಂಡನ್ನ ಪೂರ್ತಿ ಹಂಚ್ಕೊಂಡ್ಬಿಟ್ರು. ಆತ ಆಸ್ಟ್ರೇಲಿಯಾ ಕಣ್ಣಲ್ಲೂ ಕಂಡೋನಲ್ಲ, 1817ರಲ್ಲಿ ಸ್ವಿಟ್ಜರ್ಲೆಂಡಲ್ಲಿ ತೀರ್ಕೊಂಡ.

ಬೆಟ್ಟಕ್ಕೆ ಆ ಹೆಸರಿಟ್ಟೋನು ಪಾವೆಲ್ ಸ್ಟ್ರೆಜ್ಲೆಕಿ, ಅವನೂ ಪೋಲೆಂಡಿನೋನೇ, ಊರೂರು ಸುತ್ತಿದ ಅನ್ವೇಷಕ, 1840ರಲ್ಲಿ. ಕೌಂಟ್, ಅಂದ್ರೆ ಶ್ರೀಮಂತ ಮನೆತನದ ಬಿರುದು, ಹಾಗಂತ ಕರೆಸ್ಕೋತಿದ್ದ, ಅದೆಷ್ಟು ನಿಜವೋ, ಜಂಬ ಸ್ವಲ್ಪ ಇತ್ತು ಅಂತ ನನ್ನ ಲೆಕ್ಕ. ಆ ಬೆಟ್ಟ ನೋಡಿ ಅವನಿಗೆ ಪೋಲೆಂಡಿನ ಕ್ರಾಕೋವ್ ಊರಲ್ಲಿ ಜನ ಮಣ್ಣು ಹೊತ್ತು ಕೊಸಿಯಸ್ಕೊ ನೆನಪಿಗೆ ಕಟ್ಟಿದ ದಿಬ್ಬ ಜ್ಞಾಪಕ ಬಂತಂತೆ. ಯೋಚನೆ ಮಾಡು, ಅವನ ದೇಶಾನೇ ಆಗ ಮ್ಯಾಪಲ್ಲಿ ಇರ್ಲಿಲ್ಲ, ಬೇರೆಯವರ ಮ್ಯಾಪಲ್ಲಿ ಹೆಸರು ಬರೆದು ಬಂದ! ನಲವತ್ತು ವರ್ಷದ ಹತ್ರ ಜಿಯಾಗ್ರಫಿ ಪಾಠ ಮಾಡಿದೀನಿ ನಾನು, ಈ ಕಥೆ ಹೇಳುವಾಗ ಕ್ಲಾಸಲ್ಲಿ ಒಬ್ರೂ ಮಾತಾಡ್ತಿರ್ಲಿಲ್ಲ.

ಆದ್ರೆ ಅವನನ್ನ ತಲೆ ಮೇಲೆ ಕೂರಿಸ್ಕೋಬೇಡ. ಅವನು ಬರೋಕೆ ಎಷ್ಟೋ ಸಾವಿರ ವರ್ಷ ಮುಂಚಿಂದ ಅದು ನ್ಗಾರಿಗೋ ಅನ್ನೋ ಮೂಲನಿವಾಸಿ ಜನರ ಬೆಟ್ಟ. ಅಲ್ಲಿಂದ ವಿಕ್ಟೋರಿಯಾದ ಗಿಪ್ಸ್‌ಲ್ಯಾಂಡ್ ಕಾಡಿಗೆ ಇಳಿದಾಗ ಕುದುರೆ ಬಿಟ್ಟು, ಊಟ ಖಾಲಿಯಾಗಿ, ಸ್ಟ್ರೆಜ್ಲೆಕಿ ತಂಡ ಸಾಯೋ ಸ್ಥಿತಿಗೆ ಬಂದಿತ್ತು, ಆಗ ಕೋಆಲಾ ಹಿಡಿದು ತಂದು ಎಲ್ರನ್ನೂ ಬದುಕಿಸಿದ್ದು ಚಾರ್ಲಿ ಟಾರಾ ಅನ್ನೋ ಮೂಲನಿವಾಸಿ ಗೈಡು. ಸ್ಟ್ರೆಜ್ಲೆಕಿ ಹೆಸರಲ್ಲಿ ಬೆಟ್ಟಸಾಲು, ಮರುಭೂಮಿ ಎಲ್ಲಾ ಇದೆ. ಟಾರಾಗೆ ಒಂದು ನದಿ, ಒಂದು ಕಣಿವೆ, ವಿಕ್ಟೋರಿಯಾದಲ್ಲಿ. ಅಲ್ಲಿಗೂ ಒಂದ್ಸಲ ಹೋಗು, ಜರೀಗಿಡಗಳ ಕಾಡು.

ದಾರೀಲಿ ಜಿಂಡಬೈನ್ ಕೆರೆ ದಡದಲ್ಲಿ ಸ್ಟ್ರೆಜ್ಲೆಕಿ ಪ್ರತಿಮೆ ಸಿಗುತ್ತೆ, 1988ರಲ್ಲಿ ಪೋಲೆಂಡ್ ಗಿಫ್ಟ್ ಕೊಟ್ಟಿದ್ದು, ಅಲ್ಲಿ ಐದು ನಿಮಿಷ ನಿಲ್ಲು. ಮೇಲೆ ಗಾಳಿ ಜೋರು, ಬೇಸಿಗೇಲೂ ಹವಾಮಾನ ನಂಬೋಹಾಗಿಲ್ಲ, ಜೀನ್ಸ್ ಹಾಕ್ಕೊಂಡು ಹೋಗ್ಬೇಡ, ಜಾಕೆಟ್ ತಗೊ.

ಡಿಸೆಂಬರಲ್ಲಿ ಅಡಿಲೇಡ್ ಕಡೆ ಹೋದ್ರೆ ಕ್ಲೇರ್ ವ್ಯಾಲೀಲಿ ಪೋಲಿಷ್ ಹಿಲ್ ರಿವರ್ ಅಂತ ಇದೆ. 1850ರ ದಶಕದಲ್ಲಿ ಬಂದ ಪೋಲಿಷ್ ರೈತ ಕುಟುಂಬಗಳು ನೆಲೆಸಿದ ಜಾಗ, ಅವರ ಹಳೇ ಚರ್ಚು ಈಗ ಮ್ಯೂಸಿಯಂ. ದೊಡ್ಡ ಮನುಷ್ಯರ ಪ್ರತಿಮೆಗಿಂತ ನಂಗೆ ಅದೇ ಇಷ್ಟ, ಬಿತ್ತು ಬೆಳೆದು ಬದುಕಿದವರದ್ದು. ತೆರೆದಿರುತ್ತಾ ಅಂತ ಮೊದ್ಲೇ ವಿಚಾರಿಸ್ಕೊ. ಈಗ ಆ ಹೆಸರು ಜನಕ್ಕೆ ಗೊತ್ತಿರೋದು ವೈನ್‌ನಿಂದ, ಕಾರು ಓಡಿಸೋದು ನೀನಾದ್ರೆ ರುಚಿ ನೋಡೋ ಕೆಲ್ಸ ಫ್ರೆಂಡ್ಸಿಗೆ ಬಿಡು.

ಇಂತಿ ನಿನ್ನ
ದೊಡ್ಡಪ್ಪ