ಕುಡಿತ ಬಿಟ್ಟವರ ಜೊತೆ ಯಾರಿದ್ದಾರೆ?

ಮಾನ್ಯ ಸಂಪಾದಕರೇ,

ಯುಗಾದಿ ಮಾರನೇ ದಿನ ಹೊಸತೊಡಕು. ನಮ್ಮ ಮಂಡ್ಯದ ಕಡೆ ಅವತ್ತು ಮಟನ್ ಅಂಗಡಿ ಮುಂದೆ ಎಷ್ಟು ಜನವೋ ವೈನ್ ಸ್ಟೋರ್ ಮುಂದೆಯೂ ಅಷ್ಟೇ ಜನ. ಕುಡಿಯುವವರು ಕುಡಿಯಲಿ, ನನ್ನ ತಕರಾರಿಲ್ಲ. ಬಿಟ್ಟವರನ್ನು ಸುಮ್ನೆ ಇರಲು ಬಿಡಿ ಅಂತ ಕೇಳೋಕೆ ಈ ಪತ್ರ.

ನಮ್ಮ ಭಾವ ಕುಡಿತ ಬಿಟ್ಟಿದ್ದಾರೆ. ಈ ಸಲ ಹೊಸತೊಡಕಿಗೆ ಬರೀ ಸೋಡಾ ಹಾಕಿಕೊಂಡು ಕೂತಿದ್ದರು. ನಮ್ಮ ಚಿಕ್ಕಪ್ಪನ ಮಗ ಕ್ವಾರ್ಟರ್ ಬಾಟಲಿ ಹಿಡಿದು ಬಂದ. ಭಾವ ಗ್ಲಾಸಿನ ಮೇಲೆ ಅಂಗೈ ಮುಚ್ಚಿದರು. 'ಏನ್ ಭಾವ, ಅಕ್ಕ ಬೈತಾಳೆ ಅಂತಾನಾ? ಹಬ್ಬಕ್ಕೆ ಒಂದು ನೈಂಟಿ ಹಾಕಿದ್ರೆ ಏನಾಗುತ್ತೆ?' ಅಂತ ಬಗ್ಗಿಸಿಯೇ ಬಿಟ್ಟ. ಬೆರಳ ಸಂದಿಯಿಂದ ನಾಲ್ಕು ಹನಿ ಒಳಗೆ ಬಿತ್ತು. ಸುತ್ತ ಇದ್ದವರೆಲ್ಲ ನಕ್ಕರು. ಭಾವ ಎದ್ದು ಹೋಗಿ ಗ್ಲಾಸ್ ಚೆಲ್ಲಿ, ಕೈ ಗ್ಲಾಸ್ ಎರಡನ್ನೂ ಸೋಪು ಹಾಕಿ ತೊಳೆದು, ಮತ್ತೆ ಬಂದು ಕೂತರು. ಅವರ ಊಟ ಅರ್ಧಕ್ಕೇ ನಿಂತಿತು.

ಮನಸ್ಸು ಗಟ್ಟಿ ಮಾಡಿದರೆ ಆಯ್ತು ಅನ್ನೋರೇ ಜಾಸ್ತಿ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರ್ ಅಂತ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ, ಕೆಲವರಿಗೆ ಒಂದೆರಡು ದಿನದಲ್ಲೇ ಫಿಟ್ಸ್ ಬರುತ್ತದೆ, ಎರಡನೇ ಮೂರನೇ ದಿನಕ್ಕೆ ಇಲ್ಲದ ಜನ, ಹುಳಹುಪ್ಪಟೆ ಕಂಡು ಬಡಬಡಿಸುವವರೂ ಇದ್ದಾರೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾ ಕೂತರೆ ಜೀವವೇ ಹೋಗಬಹುದು. ಮೊದಲು ಡಾಕ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ.

ಇನ್ನು 'ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ' ಅನ್ನುವ ಜಾಹೀರಾತುಗಳು. ಪಾಪ, ಸೋತುಹೋದ ಹೆಂಗಸರು ನಂಬಿ ತರಿಸುತ್ತಾರೆ. ಆ ಪುಡಿಯಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ? ಡೈಸಲ್ಫಿರಾಮ್ ಅನ್ನುವ ಮಾತ್ರೆ ಇರುವುದು ನಿಜ, ಅದನ್ನು ಡಾಕ್ಟರು ರೋಗಿಗೆ ಹೇಳಿಯೇ ಕೊಡುತ್ತಾರೆ. ಅದು ಹೊಟ್ಟೆಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ವಾಂತಿಯಾಗಿ, ಎದೆ ಡವಗುಟ್ಟಿ, ಬಿಪಿ ಇಳಿದು ಪ್ರಾಣಕ್ಕೇ ಬರಬಹುದು. ಇಂಥ ಜಾಹೀರಾತು ಬಂದರೆ ದಯವಿಟ್ಟು ಹಾಕಬೇಡಿ.

ಔಷಧಿ ಮುಗಿದ ಮೇಲಿನ ಕಷ್ಟ ಬೇರೆ. ಸಂಜೆ ಏಳು ಗಂಟೆ ಆಯ್ತು, ಹೊಲದ ಕೆಲಸ ಮುಗೀತು, ಹಳೇ ಗೆಳೆಯರೆಲ್ಲ ಬಾರಿನಲ್ಲಿ. ಇವರು ಎಲ್ಲಿಗೆ ಹೋಗಬೇಕು ಹೇಳಿ? ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಲ್ಲಿ ಬಿಟ್ಟವರಿಗೆ ಆಮೇಲೂ ಒಟ್ಟಿಗೆ ಸೇರಲು ನವಜೀವನ ಸಮಿತಿಗಳಿವೆ. ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಕೂಟಗಳೂ ಇವೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಅವರಲ್ಲೊಬ್ಬರು ಡಾಕ್ಟರೇ, ಕೂತು ಮಾತಾಡಿದ್ದರಿಂದ ಶುರುವಾದದ್ದು ಅದು. ಫೀಸಿಲ್ಲ, ಊರು ಕೇರಿ ಕೇಳಲ್ಲ. ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಕೂಟ ಇದೆ.

ನಮ್ಮ ಭಾವ ವಾರವಾರ ಎಎಗೆ ಹೋಗುತ್ತಾರೆ. ಮನೆಯವರೂ ಬರಬಹುದಾದ ದಿನ ನಾನೂ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿ, ಟೀ, ಬಿಸ್ಕತ್ತು. ಮೇಷ್ಟ್ರು, ಲಾರಿ ಡ್ರೈವರು, ಇನ್ನೂ ಕೈ ನಡುಗುವ ಒಬ್ಬ ಹುಡುಗ. ಯಾರೂ ಬುದ್ಧಿ ಹೇಳಲಿಲ್ಲ, ನನಗೆ ಆಶ್ಚರ್ಯ ಆಗಿದ್ದೇ ಅದು. 'ಇವತ್ತೊಂದು ದಿನ ಕುಡಿಯಲ್ಲ' ಅಷ್ಟೇ ಅವರ ಲೆಕ್ಕ. ಹೊಸತೊಡಕಿನ ರಾತ್ರಿ ಆ ಲಾರಿ ಡ್ರೈವರು ಎಲ್ಲಿಂದಲೋ ಫೋನ್ ಮಾಡಿ ಭಾವನ ಜೊತೆ ಮುದ್ದೆ, ಮಳೆ, ಡೀಸೆಲ್ ರೇಟು ಅಂತ ಏನೇನೋ ಮಾತಾಡಿದರು. ಕುಡಿತದ ಸುದ್ದಿಯೇ ಎತ್ತಲಿಲ್ಲ. ನೆಂಟರಾದ ನಮಗೆ ಇಷ್ಟು ಹೊಳೆಯಬಾರದಿತ್ತಾ?

ನನ್ನ ಕೋರಿಕೆ ಇಷ್ಟೇ. ಉಪನ್ಯಾಸ, ಹರಿಕಥೆ ಎಲ್ಲಿ ಅಂತ ದಿನಾ ಹಾಕುತ್ತೀರಲ್ವಾ, ಅದೇ ಜಾಗದಲ್ಲಿ ಜಿಲ್ಲೆಯ ಎಎ ಕೂಟಗಳ ಸ್ಥಳ, ಸಮಯ ಹಾಕಿ. ಜೊತೆಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446 ಇರಲಿ. ಊರ ಹಬ್ಬಗಳು ಶುರುವಾಗುವ ಮೊದಲೇ ಹಾಕಿದರೆ ಇನ್ನೂ ಒಳ್ಳೆಯದು.

- ಒಬ್ಬ ಓದುಗ, ಮಂಡ್ಯ ಜಿಲ್ಲೆ